ಬೂದಿ ಮನೆತನ

"ಇಪ್ಪತ್ತೊಂಬತ್ತು" ಎಂದಳು ಹೊಸಬಳು, ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ.

ಪಕ್ಕದಲ್ಲಿ ಹಳೆಯ ದಾಖಲೆ ಪುಸ್ತಕ ತೆರೆದುಕೊಂಡು ನಿಂತಿದ್ದ ಎಣಿಕೆಯಮ್ಮ ಆ ಸಾಲಿನ ಮೇಲೆ ಇನ್ನೊಮ್ಮೆ ಬೆರಳಿಟ್ಟಳು. ಹನ್ನೆರಡು ವರ್ಷದ ಹಿಂದೆ ತಾನೇ ದುಂಡಗೆ ಬರೆದ ಅಂಕಿ: ನೂರಕ್ಕೆ ಹನ್ನೊಂದು. ಸ್ಲೈಡಿನ ಅಂಚಿನಲ್ಲಿದ್ದ ಸಂಖ್ಯೆಯನ್ನೂ ಬಗ್ಗಿ ನೋಡಿದಳು. ಅದೇ ಸ್ಲೈಡು, ಅನುಮಾನವೇ ಇಲ್ಲ. ನೆಟ್ಟಗಿರುವುದನ್ನೂ ಸೊಟ್ಟದ ಲೆಕ್ಕಕ್ಕೆ ಹಾಕುತ್ತಿದ್ದೀಯ, ಅವಸರ ಮಾಡಬೇಡ, ಇನ್ನೊಂದು ಸಲ ಎಣಿಸು ಎಂದು ಹೇಳಿ, ಕೈ ತೊಳೆಯುವ ನೆಪ ಮಾಡಿಕೊಂಡು ಆಚೆ ಹೋದಳು. ಹನ್ನೊಂದಕ್ಕೂ ಇಪ್ಪತ್ತೊಂಬತ್ತಕ್ಕೂ ಎಲ್ಲಿಂದೆಲ್ಲಿಗೆ! ಈಗಿನ ಮಕ್ಕಳಿಗೆ ತಾಳ್ಮೆಯೇ ಇಲ್ಲ ಎಂದುಕೊಂಡಳು.

ಹೊಸಬಳು ಬಂದಿದ್ದು ಎಣಿಕೆಯಮ್ಮನ ಜಾಗಕ್ಕೆ, ಅಭ್ಯಾಸಕ್ಕೆಂದು ಅವಳಿಗೆ ಹಳೆಯ ಸ್ಲೈಡುಗಳನ್ನು ಎಣಿಸಲು ಕೊಟ್ಟಿದ್ದರು. ಇನ್ನು ಆರು ವಾರ ಕಳೆದರೆ ಎಣಿಕೆಯಮ್ಮನಿಗೆ ನಿವೃತ್ತಿ. ಮೂವತ್ತೊಂದು ವರ್ಷ ಅವಳು ಆ ಪ್ರಯೋಗಾಲಯದ ಎರಡನೇ ಮಹಡಿಯಲ್ಲಿ, ಕಿಟಕಿಯ ಪಕ್ಕದ ಒಂದೇ ಸ್ಟೂಲಿನ ಮೇಲೆ ಕೂತು ಇಲಿಗಳ ವೀರ್ಯಾಣು ಎಣಿಸಿದ್ದಳು. ಇದನ್ನು ನೆಂಟರಿಷ್ಟರಿಗೆ ಬಿಡಿಸಿ ಹೇಳುವುದಾದರೂ ಹೇಗೆ? ಕೇಳಿದವರಿಗೆಲ್ಲ "ಎಣಿಸೋ ಕೆಲಸ" ಎಂದಷ್ಟೇ ಹೇಳಿ ಬಾಯಿ ಮುಚ್ಚಿಸುತ್ತಿದ್ದಳು. ಅರ್ಧ ಬಳಗ ಇವತ್ತಿಗೂ ಅವಳು ಜನಗಣತಿ ಕಚೇರಿಯಲ್ಲಿದ್ದಾಳೆಂದೇ ನಂಬಿಕೊಂಡಿದೆ. ಪ್ರಯೋಗಾಲಯದಲ್ಲಿ ಮಾತ್ರ ಅವಳಿಗೆ ಎಣಿಕೆಯಮ್ಮ ಎಂಬ ಹೆಸರು ಬಿದ್ದು, ಅದೇ ಗಟ್ಟಿಯಾಗಿ ನಿಂತುಬಿಟ್ಟಿತ್ತು. ಅವಳು ಎಣಿಸಿದ ಮೇಲೆ ಇನ್ನೊಬ್ಬರು ನೋಡುವ ಪದ್ಧತಿಯೇ ಇರಲಿಲ್ಲ.

ಕೆಲಸ ಹೇಳುವುದಕ್ಕೆ ಸುಲಭ. ಹೊಸ ಔಷಧಿಯೋ, ಬಣ್ಣವೋ, ಹೊಗೆಯೋ ಬಳಕೆಗೆ ಬರುವ ಮೊದಲು ಗಂಡಿಲಿಗಳಿಗೆ ಅದನ್ನು ಕೊಡುತ್ತಾರೆ. ಐದು ವಾರ ಕಾಯುತ್ತಾರೆ, ಎಳೆಯ ಜೀವಕೋಶ ಬಲಿತು ವೀರ್ಯಾಣುವಾಗುವುದಕ್ಕೆ ಅಷ್ಟು ದಿನ ಬೇಕು. ಆಮೇಲೆ ಅದನ್ನು ತೆಗೆದು ಗಾಜಿನ ಮೇಲೆ ಹರಡಿ, ಗುಲಾಬಿ ಬಣ್ಣ ಹಾಕಿ ಎಣಿಸುವವರ ಮುಂದಿಡುತ್ತಾರೆ. ಇಲಿಯ ವೀರ್ಯಾಣುವಿನ ತಲೆ ಕುಡುಗೋಲಿನಂತೆ ತುದಿಯಲ್ಲಿ ಕೊಕ್ಕೆಯಾಗಿ ಬಾಗಿರಬೇಕು, ಇಲ್ಲಿ ಅದೇ ನೆಟ್ಟಗೆ. ಕೊಕ್ಕೆ ಇಲ್ಲದ್ದು, ಕೊಕ್ಕೆ ಮೊಂಡಾದದ್ದು, ಮುದ್ದೆಯಾದದ್ದು, ಮಡಚಿಕೊಂಡದ್ದು ಎಲ್ಲ ಸೊಟ್ಟ. ಎಡಗೈಯಲ್ಲಿ ಎರಡು ಗುಂಡಿಯ ಪುಟ್ಟ ಯಂತ್ರ ಇರುತ್ತದೆ. ನೆಟ್ಟಗಿದ್ದರೆ ಒಂದು ಗುಂಡಿ, ಸೊಟ್ಟಗಿದ್ದರೆ ಇನ್ನೊಂದು. ಒಂದೊಂದು ಇಲಿಗೆ ಒಂದು ಸಾವಿರ ಎಣಿಸಬೇಕು. ಯಾವ ಇಲಿಗೆ ಏನು ಕೊಟ್ಟಿದೆ ಎಂದು ಎಣಿಸುವವರಿಗೆ ತಿಳಿಯಬಾರದು, ಅದಕ್ಕೇ ನಿಜವಾದ ಗುರುತಿನ ಮೇಲೆ ಕಾಗದ ಅಂಟಿಸಿ ಬೇರೆ ಸಂಖ್ಯೆ ಬರೆದಿರುತ್ತಾರೆ.

ಆದರೆ ಮೂವತ್ತು ವರ್ಷ ನೋಡಿದ ಕಣ್ಣಿಗೆ ಯಾವ ಕಾಗದ ಅಡ್ಡ ಬಂದೀತು? ಇಲಿಮನೆಯನ್ನು ನೋಡಿಕೊಳ್ಳುವ ಇಲಿಯಪ್ಪ ಅಲ್ಲಿ ಎರಡು ಮನೆತನಗಳನ್ನು ಸಾಕುತ್ತಿದ್ದ. ಕರಿ ಇಲಿಗಳದ್ದೊಂದು, ಬೂದಿ ಬಣ್ಣದ್ದೊಂದು. ಒಂದರ ರಕ್ತ ಇನ್ನೊಂದಕ್ಕೆ ಸೇರದಂತೆ ಬೇರೆ ಬೇರೆ ಕೋಣೆ, ಬೇರೆ ಬೇರೆ ಪೊರಕೆ ಕೂಡ. ಕರಿಯವು ಗಟ್ಟಿ ಪಿಂಡ, ಏನು ಕೊಟ್ಟರೂ ಜಗ್ಗುವುದಿಲ್ಲ. ಬೂದಿಯವಕ್ಕೆ ಹುಟ್ಟಿನಿಂದಲೇ ಒಂದಷ್ಟು ಸೊಟ್ಟ ಇರುತ್ತದೆ, ಮದ್ದು ತಾಗಿದರೆ ಕೆಲವು ಸಲ ಬೇಗ ಕೆಡುತ್ತದೆ. ಅದೇ ಗಾಳಿ, ಅದೇ ಕಾಳು, ಅದೇ ವಿಷ. ಒಬ್ಬರಿಗೆ ಏನೂ ಆಗದು, ಇನ್ನೊಬ್ಬರಿಗೆ ತಡೆಯದು. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆಲ್ಲ ಇಲಿಯಪ್ಪ, ಬೂದಿಯವರ ಮನೆಯಿಂದ ಗಂಡು ತರುವ ಮೊದಲು ಹತ್ತು ಸಲ ಯೋಚನೆ ಮಾಡಿ ಎಂದು ಬುದ್ಧಿ ಹೇಳುತ್ತಿದ್ದ. ಎಣಿಕೆಯಮ್ಮ ಒಂದು ಸ್ಲೈಡಿನ ಮೇಲೆ ಕಣ್ಣಾಡಿಸಿದರೆ ಸಾಕು, ಇದು ಯಾರ ಮನೆಯದು ಎಂದು ಹೇಳಬಲ್ಲಳು. ಅದು ಅವಳ ಹೆಮ್ಮೆ.

ಮಧ್ಯಾಹ್ನದ ಹೊತ್ತಿಗೆ ಹೊಸಬಳು ಅದೇ ಪೆಟ್ಟಿಗೆಯ ಆರು ಸ್ಲೈಡು ಮುಗಿಸಿದ್ದಳು. ಇಪ್ಪತ್ತೆಂಟು, ಮೂವತ್ತು, ಇಪ್ಪತ್ತೊಂಬತ್ತು. ಮದ್ದು ಕೊಡದೆ ಸುಮ್ಮನೆ ಸಾಕಿದ್ದ ಬೂದಿ ಇಲಿಗಳದ್ದು ಅವಳ ಲೆಕ್ಕದಲ್ಲಿ ಹದಿನಾಲ್ಕು. ಎಣಿಕೆಯಮ್ಮನ ಪುಸ್ತಕದಲ್ಲಿ ಎಂಟು. ಹುಡುಗಿಯ ಕಣ್ಣೇ ಸರಿಯಿಲ್ಲ ಎಂದು ತೀರ್ಮಾನಿಸಬಹುದಿತ್ತು, ಆದರೆ ಕರಿ ಇಲಿಗಳ ಸ್ಲೈಡು ಕೊಟ್ಟರೆ ಅವಳ ಎಣಿಕೆ ಪುಸ್ತಕಕ್ಕೆ ಸರಿಯಾಗಿ ಕೂಡುತ್ತಿತ್ತು. ಮೂರಕ್ಕೆ ಮೂರು, ನಾಲ್ಕಕ್ಕೆ ನಾಲ್ಕು. ಎಣಿಕೆಯಮ್ಮನಿಗೆ ಮೊದಲ ಸಲ ಒಳಗೆ ಏನೋ ಚುಚ್ಚಿತು. ಯಾವ ಮದ್ದಿನ ಪರೀಕ್ಷೆ ಇದು ಎಂದು ಪುಸ್ತಕದ ಮೊದಲ ಪುಟ ತೆಗೆದು ನೋಡಿದಳು.

ಅದು ಉಗ್ರಾಣಗಳಲ್ಲಿ ಧಾನ್ಯಕ್ಕೆ ಹುಳ ಬೀಳದಂತೆ ಹಾಕುವ ಹೊಗೆಮದ್ದು. ಅವಳ ಎಣಿಕೆಯ ಮೇಲೆಯೇ ನಿಯಮ ಬರೆದಿದ್ದರು: ಹೊಗೆ ಹಾಕಿದ ಉಗ್ರಾಣದ ಬಾಗಿಲು ತೆರೆದು ನಾಲ್ಕು ಗಂಟೆ ಗಾಳಿಗೆ ಬಿಟ್ಟರೆ ಸಾಕು, ಮುಖಕ್ಕೆ ಏನೂ ಕಟ್ಟಿಕೊಳ್ಳದೆ ಒಳಗೆ ಹೋಗಬಹುದು. ಒಂಬತ್ತು ವರ್ಷದಿಂದ ಹಾಗೆ ಒಳಗೆ ಹೋಗಿ ಬರುತ್ತಿದ್ದವರಲ್ಲಿ ಅವಳ ತಮ್ಮನೂ ಒಬ್ಬ.

ತಮ್ಮನೆಂದರೆ ತಮ್ಮನಲ್ಲ, ಮಗನೇ. ಅವನಿಗಿಂತ ಹದಿನಾಲ್ಕು ವರ್ಷ ದೊಡ್ಡವಳು ಅವಳು. ಅಪ್ಪ ಅಮ್ಮ ಬೇಗ ಹೋದರು, ಅವಳು ಮದುವೆ ಆಗಲಿಲ್ಲ, ಅವನನ್ನು ಓದಿಸಿ ದಡ ಸೇರಿಸಿದಳು. ಉಗ್ರಾಣದ ಕೆಲಸ ಸಿಕ್ಕಿದಾಗ ಅವನು ಹೊಗೆ ಎಂದು ಹಿಂಜರಿದಿದ್ದ. ಅದನ್ನು ನಾನೇ ಎಣಿಸಿದ್ದೀನಿ, ಏನೂ ಆಗಲ್ಲ, ಸುಮ್ಮನೆ ಹೋಗು ಎಂದು ಧೈರ್ಯ ಹೇಳಿ ಕಳಿಸಿದ್ದವಳು ಇವಳೇ. ಆಮೇಲೆ ಅವನ ಮದುವೆಯಾಯಿತು. ಏಳು ವರ್ಷದಲ್ಲಿ ಅವನ ಹೆಂಡತಿಗೆ ಮೂರು ಸಲ ಗರ್ಭ ನಿಂತು, ಮೂರು ಸಲವೂ ಮೂರು ತಿಂಗಳು ತುಂಬುವ ಮೊದಲೇ ಹೋಯಿತು. ಆ ಹುಡುಗಿಯನ್ನು ಒಬ್ಬರಾದ ಮೇಲೊಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ತಿರುಗಿದವಳೂ ಎಣಿಕೆಯಮ್ಮನೇ. ಕಾಳಜಿಯಿಂದಲೇ ತಿರುಗಿದ್ದಳು, ಒಂದು ದಿನವೂ ಕಹಿ ಮಾತಾಡಿರಲಿಲ್ಲ. ಒಮ್ಮೆ ಮಾತ್ರ ಆ ಹುಡುಗಿ, ಹೊಗೆಯಿಂದ ಏನಾದರೂ ಹೀಗಾಗಿರಬಹುದೇ ಎಂದು ಮೆಲ್ಲಗೆ ಕೇಳಿದಾಗ, ಎಣಿಕೆಯಮ್ಮ ನಕ್ಕು, ಅದೇ ಉಗ್ರಾಣದಲ್ಲಿ ಅವನ ಜೊತೆಗಾರ ಇಲ್ಲವೇ, ಅವನಿಗೆ ನಾಲ್ಕು ಮಕ್ಕಳಲ್ಲವೇ ಎಂದು ಮಾತು ಮುಗಿಸಿದ್ದಳು. ಕರಿ ಮನೆತನ ಬೇರೆ, ಬೂದಿ ಮನೆತನ ಬೇರೆ ಎಂದು ಮೂವತ್ತು ವರ್ಷ ಎಣಿಸಿದವಳ ಬಾಯಲ್ಲಿ ಬಂದ ಮಾತು ಅದು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಅದೇ ಸ್ಲೈಡನ್ನು ತಾನೇ ಎಣಿಸಿದಳು. ಹನ್ನೆರಡು ಬಂತು. ಒಂದು ಗಳಿಗೆ ಜೀವಕ್ಕೆ ಸಮಾಧಾನವಾಯಿತು. ಆದರೆ ಅವಳು ದಡ್ಡಿಯಲ್ಲ. ಅದೇ ಕಣ್ಣು ಇನ್ನೊಂದು ಸಲ ನೋಡಿದರೆ ಇನ್ನೇನು ಹೇಳುತ್ತದೆ? ಹೊಸಬಳು ಬಂದ ಮೇಲೆ ಅವಳಿಗೊಂದು ಕೆಲಸ ಹೇಳಿದಳು. ಮದ್ದು ತಾಗಿದ ಬೂದಿ ಇಲಿಯ ನೂರು ತಲೆ, ಮದ್ದು ತಾಗಿದ ಕರಿ ಇಲಿಯ ನೂರು ತಲೆ, ಒಂದೊಂದನ್ನೂ ಬೇರೆ ಬೇರೆ ಫೋಟೋ ತೆಗೆದು, ಸುತ್ತಲಿನದೆಲ್ಲ ಕತ್ತರಿಸಿ, ಹಿಂದೆ ಗುರುತು ಬರೆದು, ಎಲ್ಲ ಕಲಸಿ ಕೊಡು ಎಂದಳು. ಹೊಸಬಳು ಯಾಕೆಂದು ಕೇಳಲಿಲ್ಲ. ಎರಡು ದಿನ ಕೂತು ಮಾಡಿದಳು.

ಇನ್ನೂರು ಚೀಟಿಗಳನ್ನು ಉದ್ದ ಮೇಜಿನ ಮೇಲೆ ಹರವಿಕೊಂಡು ಎಣಿಕೆಯಮ್ಮ ನಿಂತಳು. ಗುಂಪಿನಿಂದ ಬೇರೆಯಾಗಿ ಒಂಟಿಯಾಗಿ ಬಿದ್ದ ತಲೆಗಳು. ಯಾವುದು ಯಾರ ಮನೆಯದೆಂದು ಅವಳಿಗೆ ಹೊಳೆಯಲಿಲ್ಲ. ನೆಟ್ಟಗಿರುವುದು ಈ ಕಡೆ, ಸೊಟ್ಟ ಆ ಕಡೆ. ಮುಗಿದ ಮೇಲೆ ಸೊಟ್ಟದ ರಾಶಿಯನ್ನು ಒಂದೊಂದಾಗಿ ಮಗುಚಿದಳು. ಕರಿ ಇಲಿಯದು ನಾಲ್ಕು. ಬೂದಿಯದು ಇಪ್ಪತ್ತೇಳು.

ಆ ಇಪ್ಪತ್ತೇಳನ್ನು ಸಾಲಾಗಿ ಜೋಡಿಸಿಕೊಂಡು ನೋಡುತ್ತ ಕೂತಳು. ಪೂರ್ತಿ ಕೆಟ್ಟವು ಹತ್ತೋ ಹನ್ನೊಂದೋ ಇದ್ದವು. ಉಳಿದವೆಲ್ಲ ಕೊಕ್ಕೆ ಸ್ವಲ್ಪ ಮೊಂಡಾದವು, ಬೆನ್ನು ಸ್ವಲ್ಪ ಉಬ್ಬಿದವು. ಇವೇ ಸ್ಲೈಡಿನ ಮೇಲೆ ತಮ್ಮವರ ಜೊತೆ ಸಿಕ್ಕಿದ್ದರೆ ಅವಳ ಹೆಬ್ಬೆರಳು ನೆಟ್ಟಗಿನ ಗುಂಡಿಯನ್ನೇ ಒತ್ತುತ್ತಿತ್ತು. ಎಷ್ಟೋ ವರ್ಷಗಳಿಂದ ಅವಳು ಬೂದಿಯವರನ್ನು ನೋಡಿದಾಗಲೆಲ್ಲ, ಪಾಪ, ಇವರ ಮುಖವೇ ಹೀಗೆ ಎಂದುಕೊಂಡು ಬಿಟ್ಟುಬಿಡುತ್ತಿದ್ದಳು. ಮೋಸ ಮಾಡಬೇಕೆಂದಲ್ಲ. ಯಾರೂ ಹೇಳಿಕೊಟ್ಟದ್ದೂ ಅಲ್ಲ. ಮನೆಯವರ ಕುಂಟು ಮನೆಯವರಿಗೆ ಕಾಣದೆ ಹೋಗುತ್ತದಲ್ಲ, ಹಾಗೆ. ಮದ್ದು ಮಾಡಿದ ಗಾಯವೂ ಅದೇ ಆಕಾರದಲ್ಲಿ ಬಂದಾಗ ಅದನ್ನೂ ಮುಖವೆಂದೇ ಲೆಕ್ಕ ಹಾಕಿದ್ದಳು. ಹೊಸಬಳು ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟು, ತನ್ನ ಸ್ಟೂಲಿಗೆ ಹೋಗಿ ಕೂತಳು. ಆ ಹುಡುಗಿಯ ಮೇಲೆ ಎಣಿಕೆಯಮ್ಮನಿಗೆ ಸಿಟ್ಟೂ ಬಂತು, ಪ್ರೀತಿಯೂ ಬಂತು.

ಪ್ರಯೋಗಾಲಯದ ಮುಖ್ಯಸ್ಥರು ಕೆಟ್ಟವರಲ್ಲ. ಅವಳು ಒಯ್ದ ಚೀಟಿಗಳನ್ನೆಲ್ಲ ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು. ಇಲಿ ಬೇರೆ ಮನುಷ್ಯ ಬೇರೆ, ಗಾಬರಿ ಬೇಡ ಎಂದರು. ನಿಯಮ ಮಾಡಿದವರಿಗೆ ತಿದ್ದುಪಡಿ ಕಳಿಸುವುದಂತೂ ಕಳಿಸೋಣ, ಆದರೆ ಎಣಿಸುವ ಕ್ರಮ ಈಗ ಬದಲಾಗಿದೆ ಎಂದು ಬರೆಯೋಣ, ನಿಮ್ಮ ಹೆಸರು ಯಾಕೆ, ಇನ್ನು ಆರು ವಾರದಲ್ಲಿ ಮರ್ಯಾದೆಯಿಂದ ಮನೆಗೆ ಹೋಗುವವರು ಎಂದರು. ತಪ್ಪು ಎಂದು ಬರೆದುಕೊಟ್ಟರೆ ಬೂದಿ ಇಲಿಗಳ ಮೇಲೆ ನೀವು ಎಣಿಸಿದ್ದೆಲ್ಲವನ್ನೂ, ಮೂವತ್ತೊಂದು ವರ್ಷದ್ದನ್ನೂ, ಮತ್ತೆ ತೆಗೆದು ನೋಡಬೇಕಾಗುತ್ತದೆ ಎಂದೂ ಹೇಳಿದರು.

"ನೋಡ್ಲಿ ಸರ್" ಎಂದಳು ಎಣಿಕೆಯಮ್ಮ. "ಕ್ರಮ ಬದಲಾಗಿಲ್ಲ. ನಾನು ತಪ್ಪು ಎಣಿಸ್ದೆ. ಹಾಗೇ ಬರೀರಿ."

ಬರೆದುಕೊಟ್ಟು ಸಹಿ ಹಾಕಿದಳು. ಹೆಸರು ಹೋಗುತ್ತದೆ ಎಂಬ ಸಂಕಟ ಇದ್ದೇ ಇತ್ತು, ಆದರೆ ಅದು ನುಂಗಿಕೊಳ್ಳುವಂಥದ್ದು. ನುಂಗಲಾರದ್ದು ಬೇರೆಯೇ ಇತ್ತು, ಅದನ್ನು ತಮ್ಮನ ಮನೆಯಲ್ಲಿ ಹೇಳುವುದಕ್ಕೆ ಭಾನುವಾರದವರೆಗೆ ಕಾಯಬೇಕಾಯಿತು. ಆ ಮೂರು ದಿನ ಫೋನಿನಲ್ಲಿ ಹೇಳಿಬಿಡಲೇ ಎಂದು ಒಂದೆರಡು ಸಲ ಕೈಗೆತ್ತಿಕೊಂಡು ಇಟ್ಟಳು. ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆಯೂ ಬಂದು ಹೋಯಿತು. ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ತಿದ್ದುಪಡಿಯ ಕಾಗದ ಉಗ್ರಾಣಕ್ಕೆ ಬರುವುದು ವರ್ಷದ ಮೇಲೆ. ಬಂದರೂ ಅದರಲ್ಲಿ ಎಣಿಸಿದವರ ಹೆಸರು ಇರುವುದಿಲ್ಲ. ತಮ್ಮ ಅವಳನ್ನು ಅಕ್ಕ ಎನ್ನುವುದನ್ನು ಬಿಡುವುದಿಲ್ಲ. ಅವಳಿಗೆ ತನ್ನವರೆಂದು ಇದ್ದವರು ತಮ್ಮ, ಅವನ ಹೆಂಡತಿ, ಅವರಿಬ್ಬರೇ.

ಭಾನುವಾರ ಮಧ್ಯಾಹ್ನ ಹೋದಾಗ ತಮ್ಮ ಟೇಬಲ್ ಫ್ಯಾನು ಬಿಚ್ಚಿಕೊಂಡು ಕೂತಿದ್ದ. ಅವನ ಹೆಂಡತಿ ಕಿಟಕಿಯ ಹತ್ತಿರ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಬಾಡಿಗೆಯ ಎರಡು ಕೋಣೆ. ಒಳಗಿನ ಕೋಣೆಯ ಗೋಡೆಗೆ ಹೊಸ ಬಣ್ಣ ಹೊಡೆಸಿದ್ದರು, ಮೂರನೆಯ ಸಲ ಗರ್ಭ ನಿಂತಾಗ. ಎಣಿಕೆಯಮ್ಮ ಚಪ್ಪಲಿ ಬಿಟ್ಟವಳು ಕೂರಲೂ ಇಲ್ಲ. ಮೊದಲು ಇಲಿಗಳ ವಿಷಯದಿಂದ ಶುರು ಮಾಡಿದಳು. ಕರಿಯವು, ಬೂದಿಯವು, ಕೊಕ್ಕೆ, ಚೀಟಿ, ಹನ್ನೊಂದು, ಇಪ್ಪತ್ತೇಳು. ಮೊದಮೊದಲು ತಮ್ಮ ತಮಾಷೆಗೆ ಕೇಳುವವನಂತೆ ಹೂಂಗುಟ್ಟುತ್ತಿದ್ದ. ಯಾವ ಮದ್ದೆಂದು ಹೇಳಿದ ಮೇಲೆ ಸ್ಕ್ರೂಡ್ರೈವರನ್ನು ನೆಲದ ಮೇಲಿಟ್ಟ.

"ನನ್ನ ಜೊತೆಗಾರಂಗೆ ಏನೂ ಆಗಿಲ್ವಲ್ಲಕ್ಕ" ಎಂದ.

"ಅವನು ಕರಿ ಇಲಿ ಥರ ಇರಬಹುದು, ನೀನು ಬೂದಿ ಥರ ಇರಬಹುದು. ನಂಗೊತ್ತಿಲ್ಲ ಕಣೋ. ಯಾರಿಗೂ ಗೊತ್ತಿಲ್ಲ. ಪರೀಕ್ಷೆ ಮಾಡಿಸಿದ್ರೂ ಪೂರ್ತಿ ಗೊತ್ತಾಗುತ್ತೋ ಇಲ್ವೋ. ಆದ್ರೆ ಗೊತ್ತಿಲ್ಲ ಅಂತ ನಾನು ಹೇಳ್ಲಿಲ್ಲ. ಏನೂ ಆಗಲ್ಲ ಅಂತ ಹೇಳ್ದೆ. ನಿಂಗೂ ಹೇಳ್ದೆ, ಇವಳಿಗೂ ಹೇಳ್ದೆ."

ಅವನು ಎದ್ದು ಬಾಗಿಲವರೆಗೆ ಹೋಗಿ, ಹಿಂದಿರುಗಿ ಬಂದು, ಮತ್ತೆ ಅಲ್ಲೇ ಕೂತ. ಬಿಚ್ಚಿದ ಫ್ಯಾನಿನ ರೆಕ್ಕೆಯನ್ನು ಕೈಗೆತ್ತಿಕೊಂಡು ಅಂಗಿಯ ತುದಿಯಿಂದ ಧೂಳು ಒರೆಸತೊಡಗಿದ. ಬೈದುಬಿಟ್ಟರೆ ಚೆನ್ನಾಗಿತ್ತು ಎಂದು ಎಣಿಕೆಯಮ್ಮನಿಗೆ ಅನ್ನಿಸಿತು. ಚಿಕ್ಕವನಿದ್ದಾಗಲೂ ಅವನು ಬೈಯುತ್ತಿರಲಿಲ್ಲ, ಹೀಗೇ ಯಾವುದಾದರೂ ವಸ್ತು ಹಿಡಿದುಕೊಂಡು ಕೂತುಬಿಡುತ್ತಿದ್ದ. ನಾಳೆಯಿಂದ ಮುಖಕ್ಕೆ ಕಟ್ಟಿಕೊಳ್ಳದೆ ಒಳಗೆ ಹೋಗಬೇಡ, ಜೊತೆಗಾರನಿಗೂ ಹೇಳು ಎಂದಳು. ಅವನು ತಲೆಯಾಡಿಸಿದ.

ಅವನ ಹೆಂಡತಿ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ಸ್ವಿಚ್ಚು ಆರಿಸಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಸಮಾಧಾನವೂ ಇರಲಿಲ್ಲ. ಅರ್ಧ ಇಸ್ತ್ರಿಯಾದ ಅವನ ಅಂಗಿಯನ್ನು ಮಡಚಿ ಬದಿಗಿಟ್ಟು ಒಳಗೆ ಹೋದಳು. ಬೀರು ತೆಗೆದ ಸದ್ದಾಯಿತು. ಬರುವಾಗ ಅವಳ ಕೈಯಲ್ಲಿ ಒಂದು ದಪ್ಪ ಫೈಲು ಇತ್ತು.

ಏಳು ವರ್ಷದ ಪರೀಕ್ಷೆಗಳ ಫೈಲು. ಎಣಿಕೆಯಮ್ಮನೇ ತಂದುಕೊಟ್ಟದ್ದು, ಎಣಿಕೆಯಮ್ಮನೇ ತಾರೀಖಿನ ಪ್ರಕಾರ ಜೋಡಿಸಿದ್ದು. ಪ್ರತಿ ಹಾಳೆಯ ಮೂಲೆಯಲ್ಲೂ ಅವಳ ದುಂಡಗಿನ ಅಂಕಿ. ಆಸ್ಪತ್ರೆಗಳಲ್ಲಿ ಡಾಕ್ಟರುಗಳು ಅದನ್ನು ತಿರುವಿ, ಎಷ್ಟು ಅಚ್ಚುಕಟ್ಟು ಎಂದು ಮೆಚ್ಚಿಕೊಂಡಾಗ ಅವಳಿಗೆ ಹಿಗ್ಗೂ ಆಗಿತ್ತು.

"ಮೊದಲನೇ ಡಾಕ್ಟ್ರು ಕೇಳಿದ್ರು, ಯಜಮಾನರ ಪರೀಕ್ಷೆ ಆಯ್ತಾ ಅಂತ" ಎಂದಳು ತಮ್ಮನ ಹೆಂಡತಿ. ದನಿ ಏರಲಿಲ್ಲ. "ನಾನು ಬಾಯಿ ತೆಗೆಯೋದಕ್ಕೆ ಮುಂಚೆ ನೀವು ಹೇಳಿದ್ರಿ, ಅವನಿಗೇನೂ ಇಲ್ಲ ಅಂತ. ಆಮೇಲೆ ಯಾರೂ ಕೇಳ್ಲಿಲ್ಲ. ನಾನೂ ನಂಬಿದೆ. ನನ್ನಲ್ಲೇ ಏನೋ ಇದೆ ಅಂತ ಮೂರು ಸಲ ಅತ್ತಿದ್ದೀನಿ."

ಎಣಿಕೆಯಮ್ಮ ಕ್ಷಮಿಸು ಎನ್ನುವುದನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೇಳಿಕೊಂಡು ಬಂದಿದ್ದಳು. ಈಗ ಆ ಮಾತು ಇಷ್ಟು ಸಣ್ಣದಾಗಿ ಕಂಡಿತೆಂದರೆ ಆಡಲು ನಾಚಿಕೆಯಾಯಿತು.

ತಮ್ಮನ ಹೆಂಡತಿ ಅವಳನ್ನು ತೋಳು ಹಿಡಿದು ಕುರ್ಚಿಯ ಮೇಲೆ ಕೂರಿಸಿದಳು. ಫೈಲನ್ನು ಅವಳ ತೊಡೆಯ ಮೇಲಿಟ್ಟಳು.

"ನೀವು ಎಣಿಸೋದ್ರಲ್ಲಿ ನಿಪುಣರು, ಅತ್ತಿಗೆ. ಇದರಲ್ಲಿ ನಿಮ್ಮ ತಮ್ಮನ ಹೆಸರಿಂದು ಒಂದು ಹಾಳೆ ಇದ್ರೆ ಹುಡುಕಿಕೊಡಿ."

ಇಲ್ಲವೆಂದು ಎಣಿಕೆಯಮ್ಮನಿಗೆ ಗೊತ್ತಿತ್ತು, ಅವರಿಬ್ಬರಿಗೂ ಗೊತ್ತಿತ್ತು. ಆದರೂ ಅವಳು ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡಳು. ದಾರ ಬಿಚ್ಚಿ ಮೊದಲನೆಯ ಹಾಳೆಯಿಂದ ಶುರು ಮಾಡಿದಳು. ರಕ್ತದ ವರದಿ. ಹೆಸರು ಓದಿದಳು, ತಿರುವಿದಳು. ಸ್ಕ್ಯಾನು. ಹೆಸರು ಓದಿದಳು, ತಿರುವಿದಳು. ಆಸ್ಪತ್ರೆಯಲ್ಲಿ ಒಂದು ರಾತ್ರಿ ಇಟ್ಟುಕೊಂಡು ಬೆಳಿಗ್ಗೆ ಕಳಿಸಿದ ಚೀಟಿ. ಮತ್ತೆ ರಕ್ತ. ತಮ್ಮ ಫ್ಯಾನನ್ನು ಬಿಟ್ಟು ಎದ್ದು ಬಂದು, ಹೆಂಡತಿಯ ಪಕ್ಕ ನೆಲದ ಮೇಲೆ ಕೂತ. ಅವಳು ಸರಿದು ಜಾಗ ಕೊಡಲಿಲ್ಲ, ದೂರವೂ ಹೋಗಲಿಲ್ಲ. ಇಬ್ಬರೂ ಎಣಿಕೆಯಮ್ಮನ ಕೈಯನ್ನೇ ನೋಡುತ್ತಿದ್ದರು. ಎಣಿಕೆಯಮ್ಮ ಒಂದು ಹಾಳೆಯನ್ನೂ ಬಿಡದೆ, ಪ್ರತಿಯೊಂದರ ಮೇಲೂ ಬೆರಳಿಟ್ಟು, ಮುಂದಿನದನ್ನು ತಿರುವುತ್ತಿದ್ದಳು.